ನಂಬಿ ಒಪ್ಪಿಸಿದ ಮಾತು

ಸತ್ಯವನ್ನು ನುಡಿಯಬೇಕೆಂಬ ವಿಧಿಯನ್ನು ಎಲ್ಲ ಮತಗಳೂ ಎಲ್ಲ ಕಾಲದಲ್ಲಿಯೂ ಸಾರಿರುವುವಾದರೂ, ತಿಳಿದ ಸತ್ಯವನ್ನೆಲ್ಲ ನುಡಿಯಲೇಬೇಕೆ ಎಂಬ ಪ್ರಶ್ನೆಗೆ ಅಷ್ಟೇ ನಿಶ್ಶಂಕವಾದ ಉತ್ತರವು ದೊರೆಯುವುದಿಲ್ಲ. ಮನೆಯಲ್ಲಿ, ಗೆಳೆಯರ ನಡುವೆ ಈ ಪ್ರಶ್ನೆ ಅಪರೂಪಕ್ಕೊಮ್ಮೆ ತಲೆದೋರಬಹುದು. ಆದರೆ ಉದ್ಯೋಗದ ನಿಮಿತ್ತವಾಗಿ ಪರರ ಬಾಳಿನ ಒಳಗನ್ನು ಕಾಣಬೇಕಾಗಿ ಬಂದವರಿಗೆ, ಎಂದರೆ ಆಸ್ಪತ್ರೆಯ ದಾದಿಗೆ, ಬ್ಯಾಂಕಿನ ಗುಮಾಸ್ತನಿಗೆ, ಖಜಾನೆಯ ಅಧಿಕಾರಿಗೆ, ವಕೀಲನಿಗೆ, ಅಂಚೆಯವನಿಗೆ, ಇದು ದಿನನಿತ್ಯದ ಪ್ರಶ್ನೆ. ಕಚೇರಿಯ ಬಾಗಿಲು ತೆರೆದುದು ಮೊದಲ್ಗೊಂಡು ಮುಚ್ಚುವವರೆಗೆ ಅವರ ಕಿವಿಗೆ ಬೀಳುವ ಮಾತುಗಳೂ ಕಣ್ಣಿಗೆ ಬೀಳುವ ಕಾಗದಗಳೂ ಬಹುಪಾಲು ಅವರವಲ್ಲ. ಅವೆಲ್ಲ ನಿಜವೇ, ಅವನ್ನು ಹೊರಗೆ ಹೇಳಿದರೆ ಯಾರೂ ಸುಳ್ಳುಗಾರರಾಗುವುದಿಲ್ಲ, ಆದರೂ ಹೇಳಿದಲ್ಲಿ ಯಾವುದೋ ಒಂದು ಧರ್ಮವು ಮುರಿದುಬೀಳುತ್ತದೆಂಬುದು ಅಂತಃಕರಣವುಳ್ಳ ಪ್ರತಿಯೊಬ್ಬ ನೌಕರನಿಗೂ ಗೊತ್ತು. ಆ ಧರ್ಮ ಯಾವುದು, ಅದಕ್ಕೂ ಸತ್ಯಕ್ಕೂ ಇರತಕ್ಕ ಸಂಬಂಧವೇನು ಎಂಬುದು ವಿಚಾರಯೋಗ್ಯವಾದ ಸಂಗತಿ.

ಈ ವಿಚಾರಕ್ಕೆ ಕೃಷ್ಣೆ ತುಂಗಭದ್ರೆಗಳ ನಡುವಣ ರಾಯಚೂರು ಸೀಮೆಯನ್ನು ಆರಿಸಿಕೊಂಡುದಕ್ಕೆ ಕಾರಣವುಂಟು. 1948ರವರೆಗೆ ಈ ನಾಡು ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದಿತು. ಆಡಳಿತದ ಭಾಷೆ ಉರ್ದು. ಹೊಲವನ್ನು ಉತ್ತು ಬಿತ್ತುವ ಕನ್ನಡದ ರೈತನು ತನ್ನ ಹೊಲದ ಕಾಗದದಲ್ಲಿ ಏನಿದೆಯೆಂಬುದನ್ನು ತಿಳಿಯಬೇಕಾದರೆ ಉರ್ದು ಬಲ್ಲವರೊಬ್ಬರ ಮುಂದೆ ಅದನ್ನು ಹಿಡಿಯಲೇಬೇಕಾಗಿತ್ತು. ಹಿಡಿದ ಕ್ಷಣದಲ್ಲಿಯೇ ಅವನ ಸಾಲವೂ ಅವನ ಪಾಲೂ ದಾಯಾದಿಗಳೊಡನೆ ಅವನಿಗಿದ್ದ ತಕರಾರೂ ಇನ್ನೊಬ್ಬನ ಅರಿವಿಗೆ ಸೇರಿಹೋಗುತ್ತಿದ್ದುವು. 1956ರ ನವೆಂಬರ್ 1ರಂದು ಜಿಲ್ಲೆಯು ಮೈಸೂರು ರಾಜ್ಯದಲ್ಲಿ ಕೂಡಿಕೊಂಡ ಮೇಲೆ ಕಾಗದವು ಕನ್ನಡಕ್ಕೆ ತಿರುಗಿತು. ಅಕ್ಷರವು ಮಾತ್ರ ಎಲ್ಲರ ಕೈಗೂ ಬರಲಿಲ್ಲ. 2011ರ ಜನಗಣತಿಯಲ್ಲಿಯೂ ರಾಯಚೂರು ಜಿಲ್ಲೆಯ ಸಾಕ್ಷರತೆ ನೂರಕ್ಕೆ 60ನ್ನು ಮುಟ್ಟಿರಲಿಲ್ಲ. ಆದುದರಿಂದ ಇಲ್ಲಿಯ ಜನರಲ್ಲಿ ಎಷ್ಟೋ ಮಂದಿಗೆ ಇಂದಿಗೂ ತಮ್ಮ ಗುಟ್ಟು ತಮ್ಮದಾಗಿ ಉಳಿಯಬೇಕಾದರೆ ಇನ್ನೊಬ್ಬರ ಕಣ್ಣು, ಇನ್ನೊಬ್ಬರ ನಾಲಗೆ ನಡುವೆ ಬಂದೇ ಬರುತ್ತದೆ.

ದೇವದುರ್ಗದಂಥ ತಾಲ್ಲೂಕು ಕೇಂದ್ರದ ಬ್ಯಾಂಕಿನಲ್ಲಿ ಸಂತೆಯ ದಿವಸ ಒಂದು ಗಳಿಗೆ ನಿಂತು ನೋಡಿದರೆ ಇದು ಕಣ್ಣಿಗೆ ಕಟ್ಟುತ್ತದೆ. ಹಳ್ಳಿಯ ಹೆಣ್ಣುಮಗಳೊಬ್ಬಳು ಸೆರಗಿನ ಮರೆಯಿಂದ ಪಾಸ್‌ಬುಕ್ಕನ್ನು ತೆಗೆದು ಕಿಂಡಿಯೊಳಕ್ಕೆ ಚಾಚುತ್ತಾಳೆ. ರಾಜ್ಯ ಸರ್ಕಾರದ ಗೃಹಲಕ್ಷ್ಮಿ ಯೋಜನೆಯ ತಿಂಗಳ 2000 ರೂಪಾಯಿ ಬಂದಿದೆಯೋ ಇಲ್ಲವೋ ಎಂಬುದನ್ನು ತಿಳಿಯುವುದು ಅವಳಿಗೆ ಬೇಕು. ಆ ಹಣದಲ್ಲಿ ಒಂದಿಷ್ಟನ್ನು ಮಗಳ ಓದಿಗೆಂದು ಮನೆಯವರಿಗೆ ಕಾಣದಂತೆ ಅವಳು ಉಳಿಸುತ್ತಿರಬಹುದು. ಚೀಟಿಯನ್ನು ತುಂಬಿಕೊಟ್ಟವನು ಪಕ್ಕದಲ್ಲಿದ್ದ ಯಾರೋ ಹುಡುಗ. ಹೆಬ್ಬೆಟ್ಟನ್ನು ಒತ್ತಿಸಿಕೊಂಡವನು ಮತ್ತೊಬ್ಬ. ಕಿಂಡಿಯ ಒಳಗಿರುವವನು ಕೆಲಸದ ಅವಸರದಲ್ಲಿ, “ಯವ್ವಾ, ನಿನ್ನ ಖಾತೆದಾಗ ಹದಿನಾಲ್ಕು ಸಾವಿರ ಅದ ನೋಡು” ಎಂದು ಸಾಲಿನ ಕೊನೆಯವರೆಗೂ ಕೇಳುವಂತೆ ಕೂಗಿಬಿಟ್ಟರೆ, ಆ ಸಾಲಿನಲ್ಲಿಯೇ ನಿಂತಿರಬಹುದಾದ ಮೈದುನನ ಕಿವಿಗೆ ಅದು ಬಿದ್ದು, ಸಂಜೆಯ ಹೊತ್ತಿಗೆ ಆ ಹಣವು ಅವಳ ಕೈಬಿಟ್ಟಿರುವುದು. ಕೂಗಿದವನು ಸುಳ್ಳಾಡಲಿಲ್ಲ, ಕದಿಯಲಿಲ್ಲ, ಕೇಡನ್ನೆಣಿಸಲೂ ಇಲ್ಲ. “ಇಲ್ಲಿ ಬಾ ಯವ್ವಾ” ಎಂದು ಹತ್ತಿರಕ್ಕೆ ಕರೆದು ತಗ್ಗಿದ ದನಿಯಲ್ಲಿ ಅದೇ ಮಾತನ್ನು ಹೇಳಿದ್ದರೆ ಸಾಕಾಗಿತ್ತು. ಬ್ಯಾಂಕುಗಳನ್ನು ರಾಷ್ಟ್ರೀಕರಿಸಿದ 1970ರ ಕಾಯಿದೆಯೂ ಪ್ರಾದೇಶಿಕ ಗ್ರಾಮೀಣ ಬ್ಯಾಂಕುಗಳ 1976ರ ಕಾಯಿದೆಯೂ ನಿಷ್ಠೆ ಮತ್ತು ಗೌಪ್ಯಗಳ ಪ್ರತಿಜ್ಞೆಯನ್ನು ನೌಕರರಿಂದ ಬರೆಯಿಸಿಕೊಳ್ಳುತ್ತವೆ. ಕೆಲಸಕ್ಕೆ ಸೇರಿದ ದಿನ ಸಹಿಮಾಡಿದ ಆ ಕಾಗದವು ಕಡತದಲ್ಲಿರುತ್ತದೆ. ಅದರ ಅರ್ಥವು ಕಿಂಡಿಯ ಬಳಿಯ ದನಿಯಲ್ಲಿರಬೇಕು. ಓದುಬಲ್ಲವನು ತನ್ನ ಗುಟ್ಟನ್ನು ತಾನೇ ಕಾಪಾಡಿಕೊಂಡಾನು. ಓದುಬಾರದವಳ ಗುಟ್ಟಿಗೆ ಎದುರಿಗಿರುವವನ ಶೀಲವನ್ನು ಬಿಟ್ಟರೆ ಬೇರೊಂದು ಕಾವಲಿಲ್ಲ.

ಹೀಗೆಂದೊಡನೆ ಸತ್ಯನಿಷ್ಠನಾದವನಿಗೆ ಒಂದು ಶಂಕೆ ಹುಟ್ಟುವುದು ಸಹಜ: ಮುಚ್ಚಿಡುವುದು ಸತ್ಯಕ್ಕೆ ಎರಡು ಬಗೆದಂತಲ್ಲವೆ? ಈ ಶಂಕೆಗೆ ಮಹಾಭಾರತದ ಕರ್ಣಪರ್ವದಲ್ಲಿ ಒಂದು ಸಮಾಧಾನವುಂಟು. ಗಾಂಡೀವವನ್ನು ಹಳಿದ ಅಣ್ಣನನ್ನು ಪ್ರತಿಜ್ಞೆಯ ನೆವದಿಂದ ಕೊಲ್ಲಹೊರಟ ಅರ್ಜುನನಿಗೆ ಶ್ರೀಕೃಷ್ಣನು ಕೌಶಿಕನೆಂಬ ಬ್ರಾಹ್ಮಣನ ಕಥೆಯನ್ನು ಹೇಳುತ್ತಾನೆ. ನದಿಗಳ ಸಂಗಮದಲ್ಲಿ ವಾಸವಾಗಿದ್ದು, ಸದಾ ಸತ್ಯವನ್ನೇ ನುಡಿಯುವೆನೆಂದು ವ್ರತತೊಟ್ಟಿದ್ದ ಅವನ ಕಣ್ಣೆದುರಿನಲ್ಲಿಯೇ ದಸ್ಯುಗಳಿಗೆ ಹೆದರಿದ ಕೆಲವರು ಕಾಡನ್ನು ಹೊಕ್ಕರು. ಬೆನ್ನಟ್ಟಿಬಂದ ದಸ್ಯುಗಳು ಕೇಳಿದಾಗ ಅವನು ಅವರು ಹೋದ ದಾರಿಯನ್ನು ಇದ್ದಂತೆಯೇ ಹೇಳಿದನು. ದಸ್ಯುಗಳು ಅವರನ್ನು ಹಿಡಿದು ಕೊಂದರು. ಸತ್ಯವ್ರತಿಯಾದ ಕೌಶಿಕನಿಗೆ ನರಕವು ಪ್ರಾಪ್ತವಾಯಿತು. ಈ ಕಥೆಯನ್ನು ಸುಳ್ಳಿಗೆ ಅನುಮತಿಯೆಂದು ಓದುವವರುಂಟು. ಅದಕ್ಕಿಂತ ಹತ್ತಿರದ ಅರ್ಥವೊಂದು ಅದರಲ್ಲಿದೆಯೆಂದು ನನ್ನ ಭಾವನೆ. ಮಾತಿಲ್ಲದೆ ಪಾರಾಗುವುದು ಸಾಧ್ಯವಿದ್ದಲ್ಲಿ ಮಾತಾಡದಿರುವುದೇ ಸರಿಯೆಂದು ಕೃಷ್ಣನು ಮೊದಲು ಹೇಳುತ್ತಾನೆ. ಕೌಶಿಕನು ಕಾಪಾಡಿದ್ದು ತನ್ನ ನಾಲಗೆಯ ನೈರ್ಮಲ್ಯವನ್ನು. ಆ ನಾಲಗೆಯ ತುದಿಯಲ್ಲಿ ಯಾರ ಪ್ರಾಣವಿತ್ತೋ ಅವರು ಅವನ ಲೆಕ್ಕಕ್ಕೆ ಬರಲಿಲ್ಲ. ತಾನು ಕಂಡುದೆಲ್ಲ ತನ್ನದು, ಆದುದರಿಂದ ಅದನ್ನು ಕೊಡುವ ಅಧಿಕಾರವೂ ತನ್ನದು ಎಂದು ಬಗೆದುದೇ ಅವನ ಅಪರಾಧ. ಇಂದಿನ ನೌಕರನಿಗಂತೂ ಸುಳ್ಳಾಡುವ ಪ್ರಸಂಗವೇ ಬರಬೇಕಾಗಿಲ್ಲ. “ಅದನ್ನು ಹೇಳಲು ನನಗೆ ಅಧಿಕಾರವಿಲ್ಲ” ಎಂಬುದು ಪೂರ್ಣವಾದ ಸತ್ಯವಾಕ್ಯ.

ಕಂಡುದು ತನ್ನದಲ್ಲವಾದರೆ ಮತ್ತೆ ಯಾರದು? ಇದಕ್ಕೆ ಉತ್ತರವನ್ನು ನಮ್ಮ ಧರ್ಮಶಾಸ್ತ್ರಕಾರರು ಹೊನ್ನು ಬೆಳ್ಳಿಗಳ ವಿಷಯದಲ್ಲಿ ಬಹು ಹಿಂದೆಯೇ ಯೋಚಿಸಿಟ್ಟಿದ್ದಾರೆ. ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ಉಪನಿಧಿಪ್ರಕರಣವೆಂಬುದೊಂದುಂಟು. ಪೆಟ್ಟಿಗೆಯಲ್ಲಿಟ್ಟು, ಒಳಗೇನಿದೆಯೆಂಬುದನ್ನು ಹೇಳದೆ, ಇನ್ನೊಬ್ಬನ ಕೈಗೆ ನಂಬಿ ಒಪ್ಪಿಸಿದ ವಸ್ತುವನ್ನು ಒಪ್ಪಿಸಿದ ಹಾಗೆಯೇ ಹಿಂದಿರುಗಿಸತಕ್ಕದ್ದು. ರಾಜನಿಂದಲೋ ದೈವದಿಂದಲೋ ಕಳ್ಳರಿಂದಲೋ ಅದು ನಷ್ಟವಾದರೆ ಇಟ್ಟುಕೊಂಡವನಿಗೆ ಹೊಣೆಯಿಲ್ಲ. ತನ್ನ ಇಚ್ಛೆಯಿಂದ ಅದನ್ನು ಬಳಸಿ ಜೀವಿಸಿದವನಾದರೋ ದಂಡಾರ್ಹನು, ಬಡ್ಡಿಸಹಿತ ಕೊಡಬೇಕಾದವನು. ಈ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯೆಯನ್ನು ಬರೆದ ವಿಜ್ಞಾನೇಶ್ವರನು 1076ರಿಂದ 1126ರವರೆಗೆ ಆಳಿದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿದ್ದವನು. ಎಂದರೆ ಎರಡು ನದಿಗಳ ನಡುವಣ ಈ ದೋಆಬಿಗೆ ಆತ ಹೊರಗಿನವನಲ್ಲ. ಕಚೇರಿಗೆ ಬಂದ ಮಾತೂ ಇಂಥದೇ ಒಂದು ಉಪನಿಧಿ. ರೋಗಿ, ಸಾಲಗಾರ, ಕಕ್ಷಿದಾರ ಇವರು ತಮ್ಮ ಸಂಗತಿಯನ್ನು ನಮ್ಮ ಮುಂದಿಡುವುದು ನಮ್ಮ ಮೇಲಣ ಪ್ರೀತಿಯಿಂದಲ್ಲ. ಅದನ್ನಿಡದೆ ಅವರ ಕಾರ್ಯವು ಸಾಗುವುದಿಲ್ಲವಾದುದರಿಂದ. ಕಾರ್ಯವಾದ ಮೇಲೆ ಅದರ ಒಡೆತನವು ಅವರಲ್ಲಿಯೇ ಉಳಿಯುತ್ತದೆ.

ಆದರೆ ಹೊನ್ನಿಗೂ ಮಾತಿಗೂ ಒಂದು ಮಹದಂತರವಿದೆ. ಸ್ಮೃತಿಕಾರನು ಹೇಳದೆ ಬಿಟ್ಟ ಈ ಅಂತರವೇ ನಮ್ಮ ಪ್ರಶ್ನೆಯ ತಿರುಳೆಂದು ನಾನು ತಿಳಿದಿದ್ದೇನೆ. ಹೊನ್ನನ್ನು ಅಪಹರಿಸಿದರೆ ಪೆಟ್ಟಿಗೆ ಬರಿದಾಗುತ್ತದೆ, ಒಡೆಯನಿಗೆ ತಿಳಿಯುತ್ತದೆ. ಮಾತನ್ನು ಅಪಹರಿಸಿದರೆ ಪೆಟ್ಟಿಗೆ ತುಂಬಿದ ಹಾಗೆಯೇ ಇರುತ್ತದೆ, ಒಡೆಯನಿಗೆ ತನ್ನ ನಷ್ಟವು ತಿಳಿಯುವುದು ಊರೆಲ್ಲ ಅದನ್ನಾಡಿದ ಮೇಲೆಯೇ. ಹೊನ್ನನ್ನು ಬಡ್ಡಿಸಹಿತ ಹಿಂದಕ್ಕೆ ಕೊಡಿಸಬಹುದು. ಮಾತನ್ನು ಯಾವ ರಾಜನೂ ಯಾವ ನ್ಯಾಯಾಲಯವೂ ಹಿಂದಕ್ಕೆ ಕೊಡಿಸಲಾರದು. ಹೊನ್ನಿನ ವಿಷಯದಲ್ಲಿ ಪ್ರಾಯಶ್ಚಿತ್ತಕ್ಕೆ ಅವಕಾಶವುಂಟು. ಮಾತಿನ ವಿಷಯದಲ್ಲಿ ಎಚ್ಚರಕ್ಕೆ ಮಾತ್ರ ಅವಕಾಶ. ಮತ್ತೂ ಒಂದು ಮಾತು: ಹೊನ್ನನ್ನು ಅಪಹರಿಸುವವನಿಗೆ ಲಾಭದ ಆಸೆಯಾದರೂ ಇರುತ್ತದೆ, ಚಹದಂಗಡಿಯಲ್ಲಿ ಕುಳಿತು ಕಚೇರಿಯ ಸಂಗತಿಯನ್ನು ಬಿಚ್ಚುವವನಿಗೆ ದೊರೆಯುವುದು ಸುತ್ತಲಿನ ನಾಲ್ಕು ಮಂದಿ ತನ್ನ ಕಡೆ ತಿರುಗಿ ಕುಳಿತರೆಂಬ ಅರೆಗಳಿಗೆಯ ಸಂತೋಷವಷ್ಟೆ. ಅಷ್ಟು ಅಲ್ಪವಾದ ಸುಖಕ್ಕಾಗಿ ಅಷ್ಟು ದೊಡ್ಡ ಹಾನಿಯನ್ನು ಮನುಷ್ಯನು ಮಾಡಬಲ್ಲನೆಂಬುದು ನನ್ನನ್ನು ಬಹಳ ನೋಯಿಸುತ್ತದೆ.

ವೈದ್ಯವೃತ್ತಿಯವರು ಈ ಎಚ್ಚರವನ್ನು ಮೊದಲೇ ಕಂಡುಕೊಂಡರು. ಚರಕಸಂಹಿತೆಯ ವಿಮಾನಸ್ಥಾನದ ಎಂಟನೆಯ ಅಧ್ಯಾಯದಲ್ಲಿ ಗುರುವು ಶಿಷ್ಯನಿಗೆ ವಿಧಿಸುವ ನಿಯಮಗಳಲ್ಲಿ, ರೋಗಿಯ ಮನೆಯನ್ನು ಹೊಕ್ಕಾಗ ವಾಕ್ಕು ಮನಸ್ಸು ಇಂದ್ರಿಯಗಳನ್ನು ರೋಗಿಯ ಹಿತದಿಂದಾಚೆಗೆ ಹೋಗಗೊಡಬಾರದೆಂದೂ, ಆ ಮನೆತನದ ನಡೆವಳಿಗಳನ್ನು ಹೊರಗೆ ಹರಡಬಾರದೆಂದೂ, ಆಯುಸ್ಸು ಮುಗಿಯುತ್ತ ಬಂದಿದೆಯೆಂದು ತಿಳಿದಿದ್ದರೂ ಆಘಾತವಾಗುವಂತಿದ್ದಲ್ಲಿ ಅದನ್ನು ಹೇಳಬಾರದೆಂದೂ ಇದೆ. ಇವುಗಳಲ್ಲಿ ಕಡೆಯದನ್ನು ಇಂದಿನ ವೈದ್ಯಧರ್ಮವು ಹಾಗೆಯೇ ಒಪ್ಪಲಾರದು, ಒಪ್ಪಬೇಕಾದುದೂ ಇಲ್ಲ. ತನ್ನ ಆಯುಸ್ಸಿನ ಸುದ್ದಿಯು ಎಲ್ಲರಿಗಿಂತ ಮೊದಲು ರೋಗಿಯದೇ. ನಡುವಣ ನಿಯಮವು ಮಾತ್ರ ಎಂದಿಗೂ ಹಳೆಯದಾಗತಕ್ಕದ್ದಲ್ಲ.

ಈ ನಿಯಮವನ್ನು ಇಂದು ರಾಯಚೂರು ಜಿಲ್ಲೆಯಲ್ಲಿ ಅತ್ಯಂತ ಕಠಿನವಾದ ಸ್ಥಿತಿಯಲ್ಲಿ ಪಾಲಿಸುತ್ತಿರುವವರು ಯಾರೆಂದು ಕೇಳಿದರೆ, ದೊಡ್ಡ ವೈದ್ಯರಿಗಿಂತ ಮೊದಲು ಹಳ್ಳಿಯ ಆಶಾ ಕಾರ್ಯಕರ್ತೆಯರನ್ನು ಹೆಸರಿಸಬೇಕೆಂದು ನನಗೆ ತೋರುತ್ತದೆ. 2005ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದಲ್ಲಿ ಸುಮಾರು ಸಾವಿರ ಜನಕ್ಕೊಬ್ಬಳಂತೆ ನಿಯುಕ್ತಳಾದ ಈಕೆ ಅದೇ ಊರಿನಲ್ಲಿ ವಾಸಿಸುವವಳು, ಹೆಚ್ಚಾಗಿ ಅದೇ ಊರಿನ ಸೊಸೆ. ವೈದ್ಯನಿಗೆ ರೋಗಿಯು ಅಪರಿಚಿತ. ಈಕೆಗೆ ರೋಗಿಯು ಓರಗಿತ್ತಿ, ನೆರೆಯವಳು, ನೀರಿನ ನಲ್ಲಿಯ ಬಳಿ ಜಗಳವಾಡಿದವಳು. ಯಾರ ಬಸಿರು ನಿಂತಿದೆ, ಯಾರದು ಇಳಿದಿದೆ, ಯಾರು ಕ್ಷಯದ ಗುಳಿಗೆಯನ್ನು ನುಂಗುತ್ತಿದ್ದಾರೆ, ಗುಳೆ ಹೋಗಿ ಬಂದ ಯಾವ ಗಂಡಸಿನ ರಕ್ತವನ್ನು ಎರಡನೆಯ ಸಲ ಪರೀಕ್ಷಿಸಬೇಕಾಗಿದೆ ಎಂಬುದೆಲ್ಲ ಅವಳ ಚೀಲದ ಪುಸ್ತಕದಲ್ಲಿರುತ್ತದೆ. “ಅಕ್ಕಾ, ಊರಾಗ ಯಾರಿಗೂ ಹೇಳಬ್ಯಾಡ್ರಿ” ಎಂದು ಬಾಗಿಲ ಮರೆಯಲ್ಲಿ ನಿಂತವಳು ಬೇಡಿದಾಗ, “ನಾ ಯಾಕ ಹೇಳ್ಲಿ ತಂಗಿ, ನಿನ್ನ ಮಾತು ನನ್ನ ಹೊಟ್ಟ್ಯಾಗ ಇರ್ತದ” ಎನ್ನುವ ಅವಳ ಉತ್ತರದಲ್ಲಿ ಚರಕನ ನಿಯಮವು ದೋಆಬಿನ ಕನ್ನಡದಲ್ಲಿ ಜೀವಂತವಾಗಿದೆ.

ಇಲ್ಲಿ ಮಹಾಭಾರತದ ಮತ್ತೊಂದು ಪ್ರಸಂಗವನ್ನು ನೆನೆಯದಿರಲಾಗುವುದಿಲ್ಲ. ಉದ್ಯೋಗಪರ್ವದಲ್ಲಿ ಕೃಷ್ಣನು ಕರ್ಣನಿಗೆ ಅವನ ಜನ್ಮವೃತ್ತಾಂತವನ್ನು ತಿಳಿಸಿದಾಗ, ಇದನ್ನು ಯುಧಿಷ್ಠಿರನಿಗೆ ಹೇಳಬೇಡವೆಂದು ಕರ್ಣನು ಬೇಡಿಕೊಂಡನು. ಹೇಳಿದರೆ ಧರ್ಮರಾಜನು ರಾಜ್ಯವನ್ನು ತನಗೊಪ್ಪಿಸುವನು, ತಾನದನ್ನು ದುರ್ಯೋಧನನಿಗೆ ಕೊಟ್ಟುಬಿಡುವೆನು ಎಂಬುದು ಅವನ ಕಾರಣ. ಒಂದು ಮಾತಿನಿಂದ ಯುದ್ಧವನ್ನೇ ತಿರುಗಿಸಬಹುದಾಗಿದ್ದರೂ ಕೃಷ್ಣನು ಅದನ್ನಾಡಲಿಲ್ಲ. ಯುದ್ಧವು ಮುಗಿದ ಮೇಲೆ ತಾಯಿಯ ಬಾಯಿಂದ ನಿಜವನ್ನು ಕೇಳಿದ ಯುಧಿಷ್ಠಿರನು ದುಃಖಾವೇಶದಲ್ಲಿ, ಇನ್ನು ಮುಂದೆ ಹೆಂಗಸರಿಗೆ ಗುಟ್ಟು ನಿಲ್ಲದಿರಲೆಂದು ಶಪಿಸಿದನೆಂದು ಶಾಂತಿಪರ್ವದಲ್ಲಿದೆ. ಧರ್ಮರಾಜನ ಮೇಲಣ ಸಂಪೂರ್ಣ ಗೌರವದಿಂದಲೇ ಹೇಳುತ್ತೇನೆ, ಆ ಶಾಪವು ಅನ್ಯಾಯವಾದುದು. ಅದನ್ನೇ ಆಧಾರವಾಗಿಟ್ಟುಕೊಂಡು ಎಷ್ಟೋ ತಲೆಮಾರು ಹೆಣ್ಣಿನ ಬಾಯಿಯನ್ನು ಹಳಿದವರು ಈ ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆಯರೂ ದಾದಿಯರೂ ಅಂಗನವಾಡಿಯವರೂ ಹೊಟ್ಟೆಯಲ್ಲಿಟ್ಟುಕೊಂಡಿರುವ ಮಾತಿನ ಭಾರವನ್ನು ಕಂಡರೆ ಮೌನವಹಿಸುವರು. ಸಂಬಳವೆಂದು ಕರೆಯಲಾಗದ ಗೌರವಧನಕ್ಕೆ ದುಡಿಯುವ ಈ ಹೆಂಗಸರಿಂದಲೇ ಎಷ್ಟೋ ಮನೆಗಳ ಮಾನವು ಉಳಿದಿದೆ.

ಕರ್ಣನ ಪ್ರಸಂಗದಲ್ಲಿ ಇನ್ನೊಂದು ಪಾಠವೂ ಇದೆ. ಅದು ಸುಲಭವಾಗಿ ಜೀರ್ಣವಾಗತಕ್ಕದ್ದಲ್ಲ. ಕೃಷ್ಣನು ಕಾಪಾಡಿದ ಗುಟ್ಟು ಕರ್ಣನದು, ಕಾಪಾಡಬೇಕೆಂದು ಕೇಳಿದವನೂ ಕರ್ಣನೇ. ಕುಂತಿಯು ಅಷ್ಟು ಕಾಲ ಮುಚ್ಚಿಟ್ಟುದು ತನ್ನದಾದರೂ ಅದರ ಫಲವನ್ನು ಉಂಡವರು ಅಣ್ಣನೆಂದರಿಯದೆ ಅಣ್ಣನನ್ನು ಕೊಂದ ಐವರು. ಮೌನದಿಂದಲೇ ಮೂರನೆಯವನಿಗೆ ಪ್ರಾಣಹಾನಿ ಒದಗುವಂತಿದ್ದಾಗ ಏನು ಮಾಡತಕ್ಕದ್ದು? ಎಚ್‌ಐವಿ ಸೋಂಕಿನ ವಿಷಯದಲ್ಲಿ ನಮ್ಮ ದೇಶವು ಈ ಪ್ರಶ್ನೆಯನ್ನು ಎದುರಿಸಬೇಕಾಯಿತು. ವಿವಾಹವಾಗಲಿದ್ದ ಒಬ್ಬರ ಸೋಂಕನ್ನು ಆಸ್ಪತ್ರೆಯು ಬಯಲುಮಾಡಿದುದು ತಪ್ಪಲ್ಲವೆಂದು 1998ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಮಾನಿಸಿತು. 2017ರಲ್ಲಿ ಅಂಗೀಕೃತವಾಗಿ 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂದ ಎಚ್‌ಐವಿ ಮತ್ತು ಏಡ್ಸ್ ಅಧಿನಿಯಮವು ಅದಕ್ಕಿಂತ ಸೂಕ್ಷ್ಮವಾದ ದಾರಿಯನ್ನು ಹಾಕಿಕೊಟ್ಟಿತು. ರೋಗಿಯ ಸಮ್ಮತಿಯಿಲ್ಲದೆ ಅಥವಾ ನ್ಯಾಯಾಲಯದ ಆಜ್ಞೆಯಿಲ್ಲದೆ ಅವನ ಸ್ಥಿತಿಯನ್ನು ಹೊರಗೆಡಹಬಾರದೆಂಬುದು ಮೂಲ ನಿಯಮ. ಸಂಗಾತಿಗೆ ಅಪಾಯವು ನಿಜವಾಗಿ ಇದ್ದು, ತಾನಾಗಿ ಹೇಳುವಂತೆ ತಿಳಿಹೇಳಿದರೂ ರೋಗಿಯು ಹೇಳಲಾರನೆಂದು ಖಚಿತವಾದರೆ, ಹೇಳಲಿದ್ದೇವೆಂದು ಅವನಿಗೇ ಮೊದಲು ತಿಳಿಸಿ, ವೈದ್ಯನು ಅಥವಾ ಆಪ್ತಸಮಾಲೋಚಕನು ಆ ಸಂಗಾತಿಗೆ ಮುಖತಃ ಹೇಳಬಹುದು. ಹೆಂಡತಿಯ ಸೋಂಕನ್ನು ಹೇಳಿದರೆ ಅವಳಿಗೆ ಹೊಡೆತವೋ ಪರಿತ್ಯಾಗವೋ ಒದಗೀತೆಂಬ ಭಯವಿದ್ದಲ್ಲಿ ಹೇಳತಕ್ಕದ್ದಲ್ಲ. ಇಷ್ಟು ಮೆಲ್ಲನೆ ಅಡಿಯಿಡುವ ಕಾನೂನನ್ನು ನಾನು ಧರ್ಮಶಾಸ್ತ್ರದ ಸಾಲಿಗೇ ಸೇರಿಸುತ್ತೇನೆ. ಅಪಾಯದಲ್ಲಿರುವ ಒಬ್ಬರಿಗೆ ಹೇಳುವುದೂ ಊರಿಗೆಲ್ಲ ಹೇಳುವುದೂ ಒಂದೇ ಅಲ್ಲವೆಂಬುದನ್ನು ಅದು ಕಂಡಿದೆ.

ಈ ಭೇದವನ್ನು ಮರೆತರೆ ಏನಾಗುವುದೆಂಬುದನ್ನು 2020ರ ಮಾರ್ಚ್‌ನಲ್ಲಿ ಕಂಡೆವು. ಕೊರೋನಾ ಭೀತಿಯ ಮೊದಲ ದಿನಗಳಲ್ಲಿ, ಮನೆಯಲ್ಲಿ ಪ್ರತ್ಯೇಕವಾಗಿರುವಂತೆ ಆದೇಶಿತರಾದವರ ವಿಳಾಸಗಳನ್ನು ಕರ್ನಾಟಕ ಸರ್ಕಾರವೇ ಜಿಲ್ಲಾವಾರು ಪಟ್ಟಿಮಾಡಿ ಪ್ರಕಟಿಸಿತು. ಲೋಕಹಿತವೇ ಅದರ ಉದ್ದೇಶವಾಗಿದ್ದಿತು, ಸಂದೇಹವಿಲ್ಲ. ಆದರೆ ಜ್ವರವೂ ಬಾರದ ಮನುಷ್ಯನ ಮನೆಬಾಗಿಲು ನೋಡನೋಡುತ್ತ ಊರಿನ ಭಯಕ್ಕೆ ಗುರಿಯಾಗುವಂತೆ ಮಾಡಿದ ಆ ಕಾರ್ಯವು ತಪ್ಪೇ ಆಗಿದ್ದಿತು. ಭಯದ ಕಾಲದಲ್ಲಿಯೇ ಗೌಪ್ಯದ ಅಗತ್ಯವು ಹೆಚ್ಚು.

ಇನ್ನು ಈ ಪ್ರಶ್ನೆಗೆ ಭಗವಂತನ ಕಡೆಯಿಂದ ಬೆಳಕು ಬರುವುದುಂಟೆ ಎಂದು ನೋಡೋಣ. ರಾಯಚೂರು ಸೀಮೆಯು ದಾಸರ ನಾಡು. ಮಾನ್ವಿಯ ಸೀಮೆಯ ಚೀಕಲಪರವಿಯಲ್ಲಿ ವಿಜಯದಾಸರೂ, ಬ್ಯಾಗವಾಟದಲ್ಲಿ ಜಗನ್ನಾಥದಾಸರೂ, ದೇವದುರ್ಗದ ಮೊಸರಕಲ್ಲಿನಲ್ಲಿ ಗೋಪಾಲದಾಸರೂ ಹುಟ್ಟಿದರು. ಗೋಪಾಲದಾಸರು ದಾಸದೀಕ್ಷೆಗೆ ಮೊದಲು ಭಾಗಣ್ಣನೆಂಬ ಹೆಸರಿನಲ್ಲಿ ಜನರ ಭವಿಷ್ಯವನ್ನು ಹೇಳುತ್ತಿದ್ದರೆಂದು ಸಂಪ್ರದಾಯವು ಹೇಳುತ್ತದೆ. ಭವಿಷ್ಯವನ್ನು ಕೇಳಬರುವವರು ಜಾತಕವನ್ನಷ್ಟೇ ತರುವುದಿಲ್ಲ. ಮನೆಯ ಕಲಹವನ್ನೂ ಮುಚ್ಚಿಟ್ಟ ಸಾಲವನ್ನೂ ಮಗನ ದುರ್ನಡತೆಯನ್ನೂ ತಂದು ಚೆಲ್ಲುತ್ತಾರೆ. ಅಂಥ ವೃತ್ತಿಯಿಂದ ಬಂದವರು ಅಂತರ್ಯಾಮಿಯ ತತ್ತ್ವವನ್ನು ಹಿಡಿದುದು ನನಗೆ ಅರ್ಥವತ್ತಾಗಿ ಕಾಣುತ್ತದೆ. ಜಗನ್ನಾಥದಾಸರ ಹರಿಕಥಾಮೃತಸಾರವು ಕನ್ನಡದ ಭಾಮಿನೀ ಷಟ್ಪದಿಯಲ್ಲಿ ಬಿತ್ತರಿಸುವ ಮಾಧ್ವಸಿದ್ಧಾಂತದಂತೆ ಶ್ರೀಹರಿಯು ಪ್ರತಿಯೊಂದು ಜೀವದೊಳಗೂ ಬಿಂಬರೂಪದಿಂದ ನೆಲಸಿದ್ದಾನೆ; ನಾವು ಮಾಡುವುದೂ ಎಣಿಸುವುದೂ ಅವನಿಗೆ ಅಗೋಚರವಲ್ಲ. ಈ ತತ್ತ್ವವನ್ನು ಕೇಳಿದ ಭಕ್ತನು ಸಾಮಾನ್ಯವಾಗಿ, ದೇವರು ಎಲ್ಲವನ್ನೂ ನೋಡುತ್ತಿದ್ದಾನೆ ಎಂದು ಅಂಜುತ್ತಾನೆ. ಆ ಅಂಜಿಕೆಯ ಪಕ್ಕದಲ್ಲಿಯೇ ಮತ್ತೊಂದು ಸಂಗತಿ ಇದೆ. ಎಲ್ಲರ ಎಲ್ಲ ಗುಟ್ಟನ್ನೂ ಬಲ್ಲ ಅವನು ಇದುವರೆಗೆ ಒಬ್ಬರದನ್ನು ಇನ್ನೊಬ್ಬರಿಗೆ ಹೇಳಿದವನಲ್ಲ. ನೆರೆಮನೆಯವನ ಪಾಪವನ್ನು ಎಷ್ಟು ಪೂಜೆಮಾಡಿ ಕೇಳಿದರೂ ಅವನು ತಿಳಿಸುವುದಿಲ್ಲ. ಸರ್ವಜ್ಞತ್ವವೂ ಮೌನವೂ ಒಂದೇ ಸನ್ನಿಧಿಯಲ್ಲಿ ಇರಬಲ್ಲವೆಂಬುದಕ್ಕೆ ಇದಕ್ಕಿಂತ ದೊಡ್ಡ ಪ್ರಮಾಣವು ಬೇಕೆ? ಇಸ್ಲಾಮಿನಲ್ಲಿಯೂ ದೇವರಿಗೆ ಮನುಷ್ಯರ ದೋಷಗಳನ್ನು ಮುಚ್ಚುವವನೆಂಬ ಅರ್ಥದ ಸತ್ತಾರ್ ಎಂಬ ಹೆಸರನ್ನು ಭಕ್ತರು ಹೇಳುತ್ತಾರೆ. ಕ್ರೈಸ್ತರಲ್ಲಿ ಪಾಪನಿವೇದನೆಯನ್ನು ಕೇಳಿದ ಪಾದ್ರಿಯು ಅದನ್ನು ಯಾವ ಕಾರಣಕ್ಕೂ ಹೊರಗೆಡಹುವಂತಿಲ್ಲ. ಪರರನ್ನು ಅರಿಯುವ ಅಧಿಕಾರವು ದೊಡ್ಡದಾದಷ್ಟೂ ನಾಲಗೆಯ ಮೇಲಣ ಸಂಯಮವು ದೊಡ್ಡದಾಗಬೇಕೆಂಬುದರಲ್ಲಿ ಮತಗಳಿಗೆ ಭಿನ್ನಾಭಿಪ್ರಾಯವಿಲ್ಲ.

ಆದರೆ ಇದೇ ದಾಸರು ಮತ್ತೊಂದನ್ನೂ ಮಾಡಿದರು. ಸಂಸ್ಕೃತದ ಶಾಸ್ತ್ರಗ್ರಂಥಗಳಲ್ಲಿ ಪಂಡಿತರ ವಶದಲ್ಲಿದ್ದ ತತ್ತ್ವವನ್ನು ಅವರು ಹೆಂಗಸರೂ ಮಕ್ಕಳೂ ಹಾಡಿಕೊಳ್ಳುವಂತೆ ಕನ್ನಡದಲ್ಲಿ ಬಿಚ್ಚಿಟ್ಟರು. ತಿರುಕ್ಕೋಟ್ಟಿಯೂರಿನ ಗುರುವಿನಿಂದ ರಹಸ್ಯಮಂತ್ರಾರ್ಥವನ್ನು ಪಡೆದ ರಾಮಾನುಜರು, ನರಕವಾಸವಾದರೂ ಆಗಲಿ ಎಂದು, ಗೋಪುರವನ್ನೇರಿ ಅದನ್ನು ಜನಕ್ಕೆಲ್ಲ ಸಾರಿದರೆಂಬ ಐತಿಹ್ಯವೂ ಇದನ್ನೇ ಹೇಳುತ್ತದೆ. ಇದು ಮೇಲೆ ಹೇಳಿದ ಧರ್ಮಕ್ಕೆ ವಿರೋಧವಲ್ಲವೆ? ಅಲ್ಲ. ಎಲ್ಲರಿಗೂ ಸಲ್ಲಬೇಕಾದುದನ್ನು ಕೆಲವರು ಬಚ್ಚಿಟ್ಟುಕೊಂಡರೆ ಅದು ಉಪನಿಧಿಯ ರಕ್ಷಣೆಯಲ್ಲ, ಅಪಹಾರ. ಉದ್ಯೋಗ ಖಾತರಿಯಲ್ಲಿ ಹೂಳೆತ್ತಿದ ಕೂಲಿಯವನು ಪಂಚಾಯಿತಿಗೆ ಬಂದು ಹಾಜರಿ ಪಟ್ಟಿಯಲ್ಲಿ ತನ್ನ ಹೆಸರಿನ ಮುಂದೆ ಎಷ್ಟು ದಿನ ಬರೆದಿದೆ ಎಂದು ಕೇಳಿದರೆ, “ಅದು ಗೌಪ್ಯ, ತೋರಿಸಲಿಕ್ಕೆ ಬರೂದಿಲ್ಲ” ಎಂದು ಹಿಂದಕ್ಕಟ್ಟುವ ಸಿಬ್ಬಂದಿಯು ಯಾರ ಗುಟ್ಟನ್ನು ಕಾಯುತ್ತಿದ್ದಾನೆ? ಆ ಪಟ್ಟಿಯ ಒಡೆಯನು ಕೇಳಿದವನೇ. ಅದನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿಹೇಳಬೇಕೆಂದೇ ಸಾಮಾಜಿಕ ಲೆಕ್ಕಪರಿಶೋಧನೆಯಿದೆ. 2005ರ ಮಾಹಿತಿ ಹಕ್ಕಿನ ಕಾಯಿದೆಯಿದೆ. ಸಂತೆಯ ದಿನ ಹೆಣ್ಣುಮಗಳ ಖಾತೆಯನ್ನು ಕೂಗಿ ಹೇಳುವುದೂ ಕೂಲಿಯವನಿಗೆ ಅವನ ಹಾಜರಿಯನ್ನು ತೋರಿಸದಿರುವುದೂ ಒಂದೇ ಊರಿನಲ್ಲಿ ನಡೆಯುತ್ತವೆ. ಎರಡರ ಬೇರೂ ಒಂದೇ: ಮುಂದೆ ನಿಂತಿರುವ ಬಡವರು ಯಾವುದರ ಒಡೆಯರೂ ಅಲ್ಲವೆಂಬ ಭಾವನೆ.

ಗೌಪ್ಯದಿಂದ ಸತ್ಯಕ್ಕೇ ರಕ್ಷಣೆಯೆಂಬುದನ್ನು ಸತ್ಯೇಂದ್ರ ದುಬೆಯವರ ವೃತ್ತಾಂತದಿಂದ ತಿಳಿಯಬೇಕು. ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ ಎಂಜಿನಿಯರಾಗಿದ್ದ ಅವರು ಹೆದ್ದಾರಿ ಕಾಮಗಾರಿಯ ಅಕ್ರಮಗಳನ್ನು 2002ರಲ್ಲಿ ಪ್ರಧಾನಮಂತ್ರಿಗೆ ಪತ್ರಮುಖೇನ ತಿಳಿಸಿ, ತಮ್ಮ ಹೆಸರನ್ನು ಗುಟ್ಟಾಗಿಡಬೇಕೆಂದು ಕೇಳಿಕೊಂಡರು. ಪತ್ರವು ಹೆಸರಿನೊಡನೆಯೇ ಕಚೇರಿಯಿಂದ ಕಚೇರಿಗೆ ತಿರುಗಿತು. 2003ರ ನವೆಂಬರ್ 27ರಂದು ಗಯೆಯಲ್ಲಿ ಅವರು ಗುಂಡೇಟಿಗೆ ಬಲಿಯಾದರು. ಕೊಂದವರು ದರೋಡೆಗಾರರೆಂದು ತನಿಖೆಯು ಹೇಳಿತು. ಅದೇನೇ ಇರಲಿ, ಒಬ್ಬ ಸತ್ಯವಂತನು ನಂಬಿ ಒಪ್ಪಿಸಿದ ಹೆಸರನ್ನು ಹಲವು ಕೈಗಳು ಕಾಪಾಡಲಿಲ್ಲವೆಂಬುದು ನಿರ್ವಿವಾದ. ಕಡತವನ್ನು ಮುಂದಕ್ಕೆ ಕಳುಹಿಸಿದ ಪ್ರತಿಯೊಬ್ಬನೂ ಕೌಶಿಕನಂತೆ ತನ್ನ ನಿಯಮವನ್ನು ಪಾಲಿಸಿದೆನೆಂದೇ ತಿಳಿದಿದ್ದಿರಬೇಕು.

ಕೆಲವು ಗುಟ್ಟುಗಳಿಗೆ ಅವಧಿಯುಂಟು. ಪರೀಕ್ಷೆಯ ಪ್ರಶ್ನೆಪತ್ರಿಕೆಯು ಗಂಟೆ ಬಾರಿಸುವವರೆಗೆ ಖಜಾನೆಯ ಮೊಹರಿನೊಳಗಿರಬೇಕು, ಬಾರಿಸಿದ ಮೇಲೆ ಅದು ಎಲ್ಲರ ಸೊತ್ತು. 2016ರಲ್ಲಿ ದ್ವಿತೀಯ ಪಿಯುಸಿಯ ರಸಾಯನಶಾಸ್ತ್ರದ ಪತ್ರಿಕೆಯು ಮಾರ್ಚ್ 21ರಂದು ಸೋರಿತು. ಮರುಪರೀಕ್ಷೆಯ ಪತ್ರಿಕೆಯು ಮಾರ್ಚ್ 31ರಂದು ಮತ್ತೆ ಸೋರಿತು. ರಾಜ್ಯದಲ್ಲಿ ಆ ವಿಷಯವನ್ನು ಓದುತ್ತಿದ್ದ ಮಕ್ಕಳೆಲ್ಲ ಏಪ್ರಿಲ್ 12ರಂದು ಮೂರನೆಯ ಸಲ ಸಿದ್ಧರಾಗಿ ಕೂರಬೇಕಾಯಿತು. ಬೆಂಗಳೂರಿನಲ್ಲಿ ಮನೆಪಾಠದ ಅನುಕೂಲವಿದ್ದವರಿಗೆ ಅದು ಬೇಸರ. ಹತ್ತಿಯ ಹೊಲದ ಕೆಲಸದ ನಡುವೆ ಓದಿ, ಬಸ್ಸಿನ ಚಾರ್ಜಿಗೆ ಕೈಸಾಲ ಮಾಡಿ ತಾಲ್ಲೂಕು ಕೇಂದ್ರಕ್ಕೆ ಬರುವ ಮಕ್ಕಳಿಗೆ ಅದು ನಿಜವಾದ ನಷ್ಟ.

ದೇವದುರ್ಗ, ಮಾನ್ವಿ, ರಾಯಚೂರುಗಳ ಕಚೇರಿಗಳಲ್ಲಿ ಕುಳಿತು ಕೆಲಸಮಾಡುವ ಸೋದರ ಸೋದರಿಯರಲ್ಲಿ ನನ್ನದೊಂದು ಬಿನ್ನಹವುಂಟು. ರೋಗಿಯ ಹೆಸರನ್ನು ಕರೆಯಿರಿ, ರೋಗದ ಹೆಸರನ್ನು ಕೂಗಬೇಡಿರಿ. ರಿಜಿಸ್ಟರಿನ ಹಾಳೆಯನ್ನು ಮೊಬೈಲಿನಲ್ಲಿ ಚಿತ್ರ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಕಳುಹಿಸುವ ಮುನ್ನ ಆ ಹಾಳೆಯಲ್ಲಿ ನಿಮ್ಮ ಮಗಳ ಹೆಸರಿದ್ದಿದ್ದರೆ ಕಳುಹಿಸುತ್ತಿದ್ದಿರಾ ಎಂದು ಕೇಳಿಕೊಳ್ಳಿರಿ. ಓದುಬಾರದ ಮುದುಕಿಗೆ ಅವಳ ಕಾಗದವನ್ನು ಓದಿಹೇಳುವಾಗ ಬಾಗಿಲ ಬಳಿ ನಿಂತವರನ್ನು ಆಚೆಗೆ ಹೋಗಿರೆನ್ನಿರಿ. ಕೂಲಿಯವನು ತನ್ನ ಹಾಜರಿ ಪಟ್ಟಿಯನ್ನು ಕೇಳಿ ಬಂದಾಗ ಮಾತ್ರ, ಕುರ್ಚಿಯನ್ನು ಹತ್ತಿರಕ್ಕೆಳೆದು ಕೂರಿಸಿ, ಅದನ್ನು ಅವನ ಮುಂದೆ ಬಿಚ್ಚಿ, ಅವನ ಹೆಸರಿನ ಮೇಲೆ ಬೆರಳಿಟ್ಟು ತೋರಿಸಿರಿ.